ಅರ್ಧ ಹೊಗೆಗೂಡು

ನೀವು ಮನೆ ಕೊಂಡ ವಾರವೇ ಬಣ್ಣದವನು ಬಂದ.
ಏಣಿಗೆ ನಮ್ಮ ಕಡೆ ಎರಡು ಗೇಣು ಜಾಗ ಬೇಕಂತೆ,
ಬೇಲಿಯಾಚೆಯಿಂದ ಕೇಳಿದೆ ನೀನು, ಎನಿಡ್.
ಕೊಟ್ಟೆ. ಅವನಿಗೆ ಚಹಾನೂ ಕೊಟ್ಟೆ.
ಕತ್ತಲಾಗುವಷ್ಟರಲ್ಲಿ ಒಂದೇ ಗೋಡೆಗೆ ಎರಡು ಮುಖ:
ನಿಮ್ಮದು ಕೆನೆ,
ನಮ್ಮದು ಕೌನ್ಸಿಲ್ಲಿನವರು ಎಂದೋ ಬಳಿದ ಗಂಜಿ ಬೂದು.

ಮಳೆನೀರಿನ ಕೊಳವೆಯಿಂದ ಸೂರಿನವರೆಗೆ
ದಾರ ಹಿಡಿದು ಎಳೆದ ಹಾಗೆ ಗೆರೆ.
ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಮ,
ಇಬ್ಬರ ಒಲೆಗೂ ಇರುವ ಒಂದೇ ಒಂದು ಹೊಗೆಗೂಡಿಗೂ
ಅರ್ಧ ಬಳಿದು ಇಳಿದ.
ಕೂಲಿ ಕೊಟ್ಟಷ್ಟಕ್ಕೆ ಕೆಲಸ, ತಪ್ಪೇನಿದೆ.
ಹೊಗೆಗೆ ಮಾತ್ರ ಯಾರೂ ಹೇಳಿಕಳಿಸಲಿಲ್ಲ.

ಗ್ರಿಮ್ಸ್‌ಬಿಯ ಈ ಬೀದಿಗೆಲ್ಲ ಆಗ ಒಂದೇ ಹಸಿರು ಬಾಗಿಲು.
ಕುಡಿದು ಬಂದ ರಾತ್ರಿ ನನ್ನ ಸಿರಿಲ್
ನಿಮ್ಮ ಬೀಗಕ್ಕೆ ನಮ್ಮ ಕೀಲಿ ತಿರುವುತ್ತ
ತಾಸುಗಟ್ಟಲೆ ನಿಂತಿದ್ದ, ನೆನಪಿದೆಯಾ?
ನಿನ್ನ ಹೊರೇಸ್ ಒಳಗೆ ಕರೆದು ಇನ್ನೊಂದು ಗ್ಲಾಸು ಕೊಟ್ಟಿದ್ದ.
ಈಗ ನಿಮ್ಮ ಬಾಗಿಲಿಗೆ ಹಿತ್ತಾಳೆಯ ಸಿಂಹ, ಅದರ ಬಾಯಲ್ಲಿ ಬಳೆ.
ಎಷ್ಟೇ ಕುಡಿದವನಿಗೂ ತಿಳಿಯುತ್ತದೆ
ಇದು ತನ್ನದಲ್ಲವೆಂದು.

ಇಬ್ಬರೂ ಒಂದೇ ಸೋಮವಾರ ಮೀನಿನ ಕಾರ್ಖಾನೆ ಸೇರಿದವರು.
ಹೊರೇಸ್ ಮೇಸ್ತ್ರಿಯಾದ, ಕೈಗೆ ಹಲಗೆ ಬಂತು, ಪೆನ್ನು ಬಂತು.
ಸಿರಿಲ್ ಕೈಯಲ್ಲಿ ಕತ್ತಿಯೇ ಉಳಿಯಿತು.
ಅದಕ್ಕಲ್ಲ ನನಗೆ ಉರಿದದ್ದು.
ಬೂಟು ಹಿಂದಿನ ಅಂಗಳದಲ್ಲಿ ಇಡಬಾರದೇ,
ವಾಸನೆ ನಮ್ಮ ಅಡುಗೆಮನೆಗೆ ಬರುತ್ತೆ ಅಂದೆಯಲ್ಲ,
ಅದೇ ಮೀನು, ಎನಿಡ್.
ಹದಿನೇಳು ವರ್ಷ ನಿನ್ನ ಹಾಸಿಗೆಯಲ್ಲೂ ಹೊರಳಿದ ಮೀನು.

ಈಗ ಹೇಳಿಬಿಡುತ್ತೇನೆ.
ಆ ಮಾರ್ಚಿನಲ್ಲಿ ಮೂರು ದಿನ ಬಿಡದೆ
ಒದ್ದೆ ಇದ್ದಿಲು, ಆಲೂಗಡ್ಡೆ ಸಿಪ್ಪೆ, ಹಳೆಯ ಗಂಬೂಟಿನ ಒಂದು ತುಂಡು
ಬೇಕೆಂದೇ ಉರಿಸಿದವಳು ನಾನು.
ಮಸಿ ಇಳಿದು ನಿಮ್ಮ ಕೆನೆಯ ಮೇಲೆ ಕಣ್ಣೀರಿನಂತೆ ಗೆರೆಗೆರೆ.
ನಮ್ಮ ಬೂದಿನ ಮೇಲೂ ಅಷ್ಟೇ ಇಳಿದಿತ್ತು, ಕಾಣಲಿಲ್ಲ.
ಬಡವರಿಗೆ ಅದೊಂದು ಅನುಕೂಲ.
ಹೊಟ್ಟೆಕಿಚ್ಚಿಗೂ ಹೊಗೆ ಹೋಗಲು ದಾರಿ ಬೇಕಲ್ಲ,
ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ.

ಆಮೇಲೆ ದೋಣಿಗಳು ಕಡಿಮೆಯಾದವು,
ಕಾರ್ಖಾನೆ ಕತ್ತಿ ಹಿಡಿದವನನ್ನೂ ಪೆನ್ನು ಹಿಡಿದವನನ್ನೂ
ಒಂದೇ ಶುಕ್ರವಾರ ಮನೆಗೆ ಕಳಿಸಿತು.
ನಮ್ಮ ಬಾಡಿಗೆಗೆ ಸರ್ಕಾರದ ಚೀಟಿ ಬಂತು.
ನಿಮ್ಮ ಸಾಲಕ್ಕೆ ಬರೀ ಕಾಗದಗಳು ಬಂದವು,
ಪೋಸ್ಟಿನವನು ಸಿಂಹದ ಬಳೆ ಹಿಡಿದು ಬಡಿಯುತ್ತಿದ್ದ.

ಒಂದಿಟ್ಟಿಗೆ ದಪ್ಪದ ಗೋಡೆ.
ರಾತ್ರಿ ಹೊತ್ತು ನೀನು ಎಣಿಸುವುದು ಕೇಳುತ್ತಿತ್ತು,
ನಲವತ್ತು, ನಲವತ್ತೊಂದು, ನಲವತ್ತೆರಡು,
ಮತ್ತೆ ಮೊದಲಿಂದ,
ಎಣಿಸಿದರೆ ಹೆಚ್ಚುತ್ತದೇನೋ ಎಂಬಂತೆ.
ಕತ್ತಲಲ್ಲಿ ಕೂತು ಕೇಳಿಸಿಕೊಂಡೆ.
ಸುಳ್ಳೇಕೆ, ಸಕ್ಕರೆಯಿಲ್ಲದ ಚಹಾ ಸಿಹಿಯಾಗಿತ್ತು ಅಂದು.
ನಾಲ್ಕನೆಯ ರಾತ್ರಿಗೆ ಆಗಲಿಲ್ಲ.

ಒಲೆಯ ಸಲಾಕೆ ತೆಗೆದುಕೊಂಡು ಗೋಡೆಗೆ ಬಡಿದೆ,
ಮೂರು ಸಲ, ಹಳೆಯ ಹಾಗೆ.
ಕೆಟಲ್ ಇಟ್ಟಿದ್ದೇನೆ, ಬಾ ಅಂತ.
ನಮ್ಮ ಮಕ್ಕಳು ಮೊಲೆ ಬಿಡುವ ಮೊದಲಿಂದ
ನಾವಿಬ್ಬರೂ ಬಡಿದ ಬಡಿತ.

ಆ ಕಡೆ ಎಣಿಕೆ ಥಟ್ಟನೆ ನಿಂತಿತು.
ಮೆಲ್ಲಗೆ ಕುರ್ಚಿ ಸರಿದ ಸದ್ದು.
ನಿಮ್ಮ ಕಿಟಕಿಯ ಬೆಳಕು ಅಂಗಳದಿಂದ ಎದ್ದುಹೋಯಿತು.
ಎರಡು ಕಪ್ಪು ಇಟ್ಟುಕೊಂಡು
ಎಷ್ಟು ಹೊತ್ತು ಕೂತಿದ್ದೆನೋ.

ಬೆಳಿಗ್ಗೆ ಬೇಲಿಯ ಬಳಿ ನೀನು,
ತಲೆಗೆ ಸ್ಕಾರ್ಫು, ಕಣ್ಣು ನೆಲಕ್ಕೆ:
‘ರಾತ್ರಿ ಗಲಾಟೆಯಾಯಿತೇನೋ, ಮಿಸೆಸ್ ಥರ್ಲ್‌ಬಿ, ಕ್ಷಮಿಸಿ.’

ಮಿಸೆಸ್ ಥರ್ಲ್‌ಬಿ.
ಸಲಾಕೆಯ ಮಾತು ಬಾಯಿಯವರೆಗೆ ಬಂತು.
ಪರವಾಗಿಲ್ಲ, ಅಂದೆ.
ಇಪ್ಪತ್ತು ವರ್ಷದಲ್ಲಿ ಮೊದಲ ಸಲ
ನಿನಗೆ ಏನನ್ನೋ ಮನ್ನಿಸುವವಳಾಗಿ ನಿಂತಿದ್ದೆ,
ಅಷ್ಟು ಬೇಗ ಬಿಟ್ಟುಕೊಡಲು
ಮನಸ್ಸಾಗಲಿಲ್ಲ.